ಗಾಳಿ ಬಲಗಡೆಯಿಂದ

ಆ ಮೇ ತಿಂಗಳ ಇಳಿಮಧ್ಯಾಹ್ನ ನಾವು ನಾಶಿಕದಿಂದ ಹೊರಟಾಗ ಗಾಳಿಯೇ ಇರಲಿಲ್ಲ. ನಮ್ಮದು ನಾಲ್ಕು ಸೀಟಿನ, ಒಂದೇ ಎಂಜಿನ್ನಿನ ತರಬೇತಿ ವಿಮಾನ. ಎಡಗಡೆ ನನ್ನ ವಿದ್ಯಾರ್ಥಿನಿ, ಬಲಗಡೆ ನಾನು. ಇಬ್ಬರ ಮುಂದೆಯೂ ಕೈಗೆ ಒಂದೊಂದು ಹಿಡಿಕೆ, ಕಾಲಿಗೆ ಎರಡೆರಡು ಪೆಡಲ್ಲು. ಕಲಿಯುವವರು ತಪ್ಪಿದರೆ ಕಲಿಸುವವರು ತಮ್ಮ ಕಡೆಯಿಂದ ಹಿಡಿದುಕೊಳ್ಳಬಹುದು. ಆ ಒಂದು ಧೈರ್ಯದ ಮೇಲೆಯೇ ನಮ್ಮ ಕಸುಬು ನಡೆಯುವುದು.

ಹುಡುಗಿಗೆ ಇಪ್ಪತ್ತು ದಾಟಿತ್ತು. ಮೂಲ ಕಲಬುರಗಿ ಕಡೆಯವರು. ತಂದೆ ಶೇಂದ್ರಾದ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ನೋಡಿಕೊಳ್ಳುತ್ತಿದ್ದರು. ಹುಟ್ಟಿ ಬೆಳೆದದ್ದೆಲ್ಲ ಶೇಂದ್ರಾದ ಪಕ್ಕದ ಛತ್ರಪತಿ ಸಂಭಾಜಿನಗರದಲ್ಲಿ. ಮನೆಯಲ್ಲಿ ಅಪ್ಪ ಅಮ್ಮ ಕನ್ನಡದಲ್ಲಿ ಕೇಳಿದರೆ ಮರಾಠಿಯಲ್ಲಿ ಉತ್ತರ ಕೊಟ್ಟೇ ದೊಡ್ಡವಳಾದವಳು. ಕನ್ನಡ ಅವಳಿಗೆ ಪೂರ್ತಿ ತಿಳಿಯುತ್ತಿತ್ತು, ಬಾಯಿಂದ ಹೊರಡುತ್ತಿದ್ದುದು ಅರ್ಧ. ನಮ್ಮದು ಮೂಲ ಕುಂದಾಪುರ. ನಮ್ಮಪ್ಪ ನಾಶಿಕದ ತ್ರ್ಯಂಬಕೇಶ್ವರದ ರಸ್ತೆಯಲ್ಲಿ ಸಸ್ಯಾಹಾರಿ ಹೋಟೆಲು ನಡೆಸುತ್ತಾರೆ. ಬೆಳಗಿನ ಜೀಪುಗಳಲ್ಲಿ ಪೂಜೆಗೆ ಹೋಗುವ ಜನರ ಇಡ್ಲಿ ಸಾಂಬಾರಿನ ಗದ್ದಲದ ನಡುವೆ ಬೆಳೆದವಳು ನಾನು. ಕ್ಯಾಂಟೀನಿನಲ್ಲಿ ಚಹಾ ಕುಡಿಯುವಾಗ ನಾನು ಮರೆತು, ನಮ್ಮ ಕಡೆ ಹುಡುಗಿಯರನ್ನು ಕರೆಯುವ ಹಾಗೆ, ‘ಹೆಣೇ’ ಎಂದರೆ ಅವಳು ನಕ್ಕು ಉರುಳಾಡುತ್ತಿದ್ದಳು. ಅವಳು ‘ಹೌದ್ರಿ ಮ್ಯಾಡಂ, ಬರೋಬರ್ ಅದ’ ಎಂದರೆ ನಗುವ ಸರದಿ ನನ್ನದು. ವಿಮಾನದೊಳಗೆ ಮಾತ್ರ ಇಬ್ಬರದೂ ಇಂಗ್ಲಿಷು. ಅಲ್ಲಿ ಅದೇ ರೂಢಿ.

ಹಾರಿಸುವುದರಲ್ಲಿ ಅವಳು ಚುರುಕು. ಒಂದೇ ಒಂದು ಕಡೆ ಮುಗ್ಗರಿಸುತ್ತಿದ್ದಳು: ಅಡ್ಡಗಾಳಿಯಲ್ಲಿ ಇಳಿಯುವುದು. ರನ್‌ವೇ ಇರುವುದು ಒಂದು ದಿಕ್ಕಿಗೆ, ಗಾಳಿ ಬೀಸುವುದು ಪಕ್ಕದಿಂದ. ನೇರ ಮೂತಿ ಇಟ್ಟುಕೊಂಡು ಬಂದರೆ ಗಾಳಿ ವಿಮಾನವನ್ನು ಪಕ್ಕಕ್ಕೆ ತಳ್ಳಿಬಿಡುತ್ತದೆ. ಅದಕ್ಕೆ ಮೂತಿಯನ್ನು ಗಾಳಿಯ ಕಡೆಗೆ ತಿರುಗಿಸಿಕೊಂಡು ಓರೆಯಾಗಿ ಬರಬೇಕು. ನನ್ನಜ್ಜಿಯ ಊರಿನಲ್ಲಿ ಹೊಳೆ ದಾಟಿಸುವ ದೋಣಿಯವರು ಆಚೆ ದಡದ ಕಟ್ಟೆಗೆ ಸೇರಲು ಅದಕ್ಕಿಂತ ಮೇಲಕ್ಕೆ, ನೀರು ಬರುವ ದಿಕ್ಕಿಗೆ ಮೂತಿ ಮಾಡಿ ಹುಟ್ಟು ಹಾಕುತ್ತಿದ್ದರು, ಅದೇ ಲೆಕ್ಕ. ಆದರೆ ದೋಣಿ ಓರೆಯಾಗಿಯೇ ದಡ ಮುಟ್ಟಬಹುದು, ವಿಮಾನ ಮುಟ್ಟುವಂತಿಲ್ಲ. ನೆಲ ತಾಗುವ ಹೊತ್ತಿಗೆ ಒಂದು ಕಾಲು ಒತ್ತಿ ಮೂತಿಯನ್ನು ನೇರ ಮಾಡಬೇಕು, ಅದೇ ಹೊತ್ತಿಗೆ ಗಾಳಿಯ ಕಡೆಯ ರೆಕ್ಕೆಯನ್ನು ತುಸು ಬಗ್ಗಿಸಬೇಕು. ಕೈ ಒಂದು ಕಡೆಗೆ, ಕಾಲು ಇನ್ನೊಂದು ಕಡೆಗೆ. ಹುಡುಗಿಗೆ ಇದು ಬಾಯಿಪಾಠ ಬರುತ್ತಿತ್ತು. ಆದರೆ ನೆಲ ಹತ್ತಿರವಾದಂತೆ ಮೈ ಸೆಟೆದುಕೊಂಡು, ಕೈ ಹೋದ ಕಡೆಗೇ ಕಾಲೂ ಹೋಗುತ್ತಿತ್ತು. ಪ್ರತಿ ಸಲ ನಾನು ಹಿಡಿದುಕೊಳ್ಳಬೇಕಾಗುತ್ತಿತ್ತು.

ಅವತ್ತಿನದು ಒಂದು ಊರಿನಿಂದ ಇನ್ನೊಂದು ಊರಿಗೆ ದಾರಿ ಹಿಡಿದು ಹೋಗಿಬರುವ ಅಭ್ಯಾಸ. ಅವಳೇ ಸಂಭಾಜಿನಗರ ಆರಿಸಿಕೊಂಡಿದ್ದಳು. ಬರುವ ವಿಷಯವನ್ನು ಮನೆಗೆ ತಿಳಿಸಿದ್ದಳು. ಅಪ್ಪ ಅಮ್ಮ ಇಬ್ಬರೂ ನಿಲ್ದಾಣದ ಗೋಡೆಯಾಚೆ ಜಾಲ್ನಾ ರಸ್ತೆಯ ಬದಿಗೆ ಬಂದು ನಿಲ್ಲುವುದೆಂದು ಮಾತಾಗಿತ್ತು. ಮಗಳು ವಿಮಾನ ಇಳಿಸುವುದನ್ನು ಅವರು ನೋಡಿರಲೇ ಇಲ್ಲ.

ಯೇವಲೆ, ವೈಜಾಪುರ ದಾಟುವವರೆಗೆ ಎಲ್ಲವೂ ನೆಟ್ಟಗಿತ್ತು. ದೌಲತಾಬಾದಿನ ಕೋಟೆಗುಡ್ಡ ಮಬ್ಬಿನಲ್ಲಿ ಕಾಣುವ ಹೊತ್ತಿಗೆ ವಿಮಾನ ಅಲುಗಾಡತೊಡಗಿತು. ಎಡಕ್ಕೆ ನೋಡಿದೆ. ಗುಹೆಗಳ ಊರಾದ ವೇರುಳದ ಗುಡ್ಡಗಳ ಹಿಂದೆ, ಸ್ವಲ್ಪ ಮುಂಚೆ ಹೂಕೋಸಿನಷ್ಟಿದ್ದ ಮೋಡ ಈಗ ತಲೆ ಎತ್ತಿ ನಿಂತಿತ್ತು, ಅದರ ಬುಡ ಕಪ್ಪಗಾಗಿತ್ತು. ಮೇ ತಿಂಗಳಲ್ಲಿ ಹೀಗಾಗುವುದು ಹೊಸದಲ್ಲ. ಮೋಡ ಮಳೆ ಸುರಿಸುವ ಮೊದಲು ತನ್ನ ತಣ್ಣನೆಯ ಗಾಳಿಯನ್ನು ನೆಲದುದ್ದಕ್ಕೂ ಚೆಲ್ಲುತ್ತದೆ. ನಾವು ಮುಟ್ಟುವ ಮೊದಲು ಆ ಗಾಳಿ ನಿಲ್ದಾಣ ಮುಟ್ಟದಿದ್ದರೆ ಸಾಕು ಎಂದುಕೊಂಡೆ.

ಅದು ನಮಗಿಂತ ಮೊದಲೇ ಮುಟ್ಟಿತ್ತು. ಅಲ್ಲಿನ ರನ್‌ವೇ ಪೂರ್ವ ಪಶ್ಚಿಮವಾಗಿದೆ. ಗಾಳಿ ಉತ್ತರದಿಂದ ಬೀಸುತ್ತಿದೆ, ನಡುನಡುವೆ ಜೋರಾಗಿ ನುಗ್ಗುತ್ತಿದೆ ಎಂದು ಕಂಟ್ರೋಲ್ ಟವರಿನವರು ಹೇಳಿದರು. ನಾವು ನಗರವನ್ನು ಬಳಸಿಕೊಂಡು ಪೂರ್ವಕ್ಕೆ ಹೋಗಿ, ಪಶ್ಚಿಮಕ್ಕೆ ಮುಖ ಮಾಡಿ ಇಳಿಯಬೇಕಿತ್ತು. ಅಂದರೆ ಗಾಳಿ ಬಲಗಡೆಯಿಂದ.

ಹುಡುಗಿ ನನ್ನ ಮುಖ ನೋಡಿದಳು. “ಒಂದು ಸಲ ನೋಡೋಣ,” ಎಂದೆ. “ಸರಿಯಾಗದಿದ್ದರೆ ಮೇಲೆ ಹೋಗೋಣ. ಅದರಲ್ಲಿ ಸೋಲೇನೂ ಇಲ್ಲ.”

ಇಳಿಯುವುದನ್ನು ಅರ್ಧಕ್ಕೆ ಬಿಟ್ಟು ಮತ್ತೆ ಮೇಲೇರಿ ಸುತ್ತು ಹಾಕಿ ಬರುವುದಕ್ಕೆ ನಮ್ಮಲ್ಲಿ ಗೋ-ಅರೌಂಡ್ ಎನ್ನುತ್ತಾರೆ. ಕಲಿಯುವವರಿಗೆ ಅದು ನಾಚಿಕೆಯ ವಿಷಯವಾಗಿ ಕಾಣುತ್ತದೆ. ಅದನ್ನು ನಾಚಿಕೆಯಿಲ್ಲದೆ ಮಾಡಲು ಕಲಿಸುವುದೇ ನನ್ನ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟದ ಪಾಠ.

ಶೇಂದ್ರಾದ ಶೆಡ್ಡುಗಳ ಮೇಲಿಂದ ಅವಳು ಇಳಿಸುತ್ತ ಬಂದಳು. ದೂರದಿಂದ ಚೆನ್ನಾಗಿಯೇ ಬಂದಳು. ಮೂತಿ ಬಲಕ್ಕೆ ತಿರುಗಿತ್ತು, ರನ್‌ವೇ ನಮ್ಮ ಗಾಜಿನ ಎಡಮೂಲೆಯಲ್ಲಿತ್ತು. ಕೆಂಪು ಧೂಳು ಅಡ್ಡಡ್ಡ ಓಡುತ್ತಿತ್ತು. ರನ್‌ವೇಯ ಅಂಚು ದಾಟಿದ ಮೇಲೆ ಮೂತಿ ನೇರ ಮಾಡುವ ಹೊತ್ತು ಬಂತು. ಅವಳ ಹಿಡಿಕೆಯೂ ಬಲಕ್ಕೆ, ಬಲಗಾಲೂ ಮುಂದಕ್ಕೆ. ವಿಮಾನ ಇನ್ನಷ್ಟು ಓರೆಯಾಯಿತು. ಆ ಕ್ಷಣಕ್ಕೆ ಒಂದು ಬೀಸು ಬಂದು ನಮ್ಮನ್ನು ಎತ್ತಿ ಎಡಗಡೆಯ ಹುಲ್ಲಿನ ಮೇಲಕ್ಕೆ ತಳ್ಳಿತು.

“ಐ ಹ್ಯಾವ್ ಕಂಟ್ರೋಲ್,” ಎಂದು ಹಿಡಿಕೆ ಹಿಡಿದೆ. ಎಂಜಿನ್ನಿಗೆ ಪೂರ್ತಿ ಶಕ್ತಿ ಕೊಟ್ಟು ಮೂತಿ ಎತ್ತಿದೆ. ನೂರಾರು ಸಲ ಮಾಡಿದ ಕೆಲಸ. ಆಗ ಕೆಳಗಿನಿಂದ ಖಟ್ ಎಂದು ಸದ್ದಾಯಿತು, ನಾನು ಹಿಂದಕ್ಕೆ ಹೋದೆ.

ಏನಾಯಿತೆಂದು ಅರ್ಥವಾಗಲು ಅರೆಗಳಿಗೆ ಬೇಕಾಯಿತು. ಸೀಟು ಹಳಿಯ ಮೇಲೆ ಜಾರಿತ್ತು. ಕಾರಿನಲ್ಲಿರುವ ಹಾಗೆ ವಿಮಾನದ ಸೀಟನ್ನೂ ಹಿಂದೆ ಮುಂದೆ ಸರಿಸಬಹುದು. ಬೇಕಾದ ಕಡೆ ಒಂದು ಕೊಕ್ಕೆ ಹಳಿಯ ತೂತಿನಲ್ಲಿ ಕೂತು ಅದನ್ನು ಹಿಡಿದಿಡುತ್ತದೆ. ಆ ಕೊಕ್ಕೆ ಬಿಟ್ಟುಕೊಂಡಿತ್ತು. ಹಿಡಿಕೆ ನನ್ನ ಕೈಯಲ್ಲೇ ಇತ್ತು. ನನ್ನ ಮೈಯ ಭಾರವೆಲ್ಲ ಅದರ ಮೇಲೆ ಬಿದ್ದು ವಿಮಾನದ ಮೂತಿ ಇನ್ನೂ ಮೇಲಕ್ಕೆ ಹೋಯಿತು. ಹೀಗೆ ಮೂತಿ ಎತ್ತಿ ವೇಗ ಕಳೆದುಕೊಂಡರೆ ರೆಕ್ಕೆ ಗಾಳಿಯನ್ನು ಬಿಟ್ಟುಬಿಡುತ್ತದೆ. ನೆಲ ಒಂದು ತೆಂಗಿನಮರದಷ್ಟು ಕೆಳಗಿತ್ತು.

ನಾನು ಹಿಡಿಕೆ ಬಿಟ್ಟೆ. ಬೀಳುವವರು ಕೈಗೆ ಸಿಕ್ಕಿದ್ದನ್ನು ಗಟ್ಟಿಯಾಗಿ ಹಿಡಿಯುತ್ತಾರೆ. ಬಿಡುವುದಕ್ಕೆ ನಾನು ನನ್ನ ಬೆರಳುಗಳ ಜೊತೆ ಜಗಳವಾಡಬೇಕಾಯಿತು. ಬಾಯಿಂದ ಇಂಗ್ಲಿಷು ಹೊರಡಲಿಲ್ಲ.

“ನೀನೇ ಹಿಡ್ಕೋ! ಮೂತಿ ಕೆಳಗೆ! ಕೆಳಗೆ ಮಾಡು ಹೆಣೇ!”

ಅವಳು ಹಿಡಿದಳು. ಮೂತಿ ಕೆಳಗಾಯಿತು. ವೇಗ ಕುಸಿದದ್ದಕ್ಕೆ ಕಿರುಗುಟ್ಟುತ್ತಿದ್ದ ಎಚ್ಚರಿಕೆಯ ಪೀಪಿ ನಿಂತಿತು. ರನ್‌ವೇಯ ಎಡಕ್ಕೆ ಹುಲ್ಲಿನ ಮೇಲೆ, ಬೇಲಿಯ ಮೇಲೆ, ಆಮೇಲೆ ಮನೆಗಳ ತಾರಸಿಯ ಮೇಲೆ ನಿಧಾನಕ್ಕೆ ಮೇಲೇರಿದೆವು. ಅವಳು ತಿರುಗಿ ನೋಡಲಿಲ್ಲ. ಸುಮಾರು ಎತ್ತರಕ್ಕೆ ಬಂದ ಮೇಲೆ ಕೇಳಿದಳು:

“ಮ್ಯಾಡಂ, ಎಲ್ಲಿ ಇದ್ದೀರಿ?”

“ಹಿಂದೆ ಇದ್ದೇನೆ. ಸೀಟು ಜಾರಿದೆ. ಏನೂ ಆಗಿಲ್ಲ. ನೀನು ಹಾರಿಸ್ತಾ ಇರು.”

ದಕ್ಷಿಣಕ್ಕೆ ಮೋಡವಿರಲಿಲ್ಲ. ಟವರಿಗೆ ವಿಷಯ ತಿಳಿಸಿ, ಗಾಳಿ ತಗ್ಗುವವರೆಗೆ ಪೈಠಣದ ಕಡೆಗೆ ಹೋಗಿ ಸುತ್ತುತ್ತಿರುತ್ತೇವೆ ಎಂದೆ. ಅಲ್ಲಿನ ಅಧಿಕಾರಿಯ ದನಿ ವಯಸ್ಸಾದವರದು, ಅವಸರವಿಲ್ಲದ್ದು. ಬೇರೆ ನಿಲ್ದಾಣಗಳ ಸ್ಥಿತಿ ಕೇಳಿದೆ. ಶಿರಡಿಯ ಮೇಲೆ ಧೂಳು, ಗುಡುಗು. ನಾಶಿಕದ ದಾರಿ ಮುಚ್ಚಿಕೊಳ್ಳುತ್ತಿದೆ. ಜಳಗಾಂವ್ ಆ ಮೋಡದ ಆಚೆಗೆ. ಉಳಿದದ್ದು ಇದೇ ರನ್‌ವೇ. ಇಂಧನ ಸಾಕಷ್ಟಿತ್ತು, ಹಗಲು ಮಾತ್ರ ಹೆಚ್ಚು ಉಳಿದಿರಲಿಲ್ಲ. ಅವಳು ಕತ್ತಲಲ್ಲಿ ಒಮ್ಮೆಯೂ ಇಳಿಸಿದವಳಲ್ಲ.

ಪೈಠಣದ ಜಾಯಕವಾಡಿ ಅಣೆಕಟ್ಟಿನ ನೀರು ಕೆಳಗೆ ತಗಡಿನ ಹಾಗೆ ಹರಡಿಕೊಂಡಿತ್ತು. ಅಲ್ಲಿ ಗಾಳಿ ಇತ್ತಾದರೂ ಹೊಡೆತ ಅಷ್ಟಿರಲಿಲ್ಲ. ಅವಳು ವಿಮಾನವನ್ನು ನೇರ ಹಿಡಿದಿರುವಾಗ ನಾನು ಬೆಲ್ಟು ಸಡಿಲಿಸಿ ಬಗ್ಗಿ ಸೀಟಿನ ಕೆಳಗೆ ಕೈಯಾಡಿಸಿದೆ. ಕೊಕ್ಕೆ ಮುರಿದಿತ್ತು. ಸೀಟನ್ನು ಮುಂದಕ್ಕೆ ಎಳೆದು, ಹಿಂದಿನ ಸೀಟಿನ ಮೇಲಿದ್ದ ನನ್ನ ಚೀಲವನ್ನು ಅದರ ಬೆನ್ನಿಗೆ ತುರುಕಿದೆ. ಪೆಡಲ್ಲಿನ ಮೇಲೆ ಕಾಲಿಟ್ಟು ಒತ್ತಿದೆ. ಒತ್ತಿದಷ್ಟೂ ನಾನೇ ಹಿಂದಕ್ಕೆ ಹೋದೆ. ಎರಡನೆಯ ಸಲವೂ ಅಷ್ಟೇ. ಮೂರನೆಯ ಸಲ ಒತ್ತಲು ಹೋಗಲಿಲ್ಲ. ಅಡ್ಡಗಾಳಿಯಲ್ಲಿ ಇಳಿಯಲು ಕೈಗಿಂತ ಕಾಲು ಮುಖ್ಯ, ನನಗೆ ಕಾಲೇ ಇರಲಿಲ್ಲ.

ಅವಳು ಇದನ್ನೆಲ್ಲ ಕಡೆಗಣ್ಣಿನಲ್ಲಿ ನೋಡುತ್ತಿದ್ದಳು. “ಮ್ಯಾಡಂ, ನಾ ಪಾಯ್ ಹಾಕ್ತೀನಿ... ಕಾಲು ಹಾಕ್ತೀನಿ. ನೀವು ಕೈ ಹಾಕ್ರಿ. ಚಲೇಲ ನಾ, ನಡೀತದಲ್ಲ?”

ಆಸೆಯಾಯಿತು, ಸುಳ್ಳೇಕೆ ಹೇಳಲಿ. ಮೇಲಿದ್ದಾಗಲೇ ಮಾಡಿ ನೋಡಿದೆವು. ಚಾಚಿದ ತೋಳುಗಳಲ್ಲಿ ನಾನು ಹಿಡಿಕೆ ಹಿಡಿದೆ, ಅವಳು ಪೆಡಲ್ ಒತ್ತಿದಳು. ಒಂದು ಸಣ್ಣ ಗಾಳಿಗುಂಡಿ ಸಿಕ್ಕಿತು. ನನ್ನ ಸೀಟು ಜಾರಿತು, ಹಿಡಿಕೆ ನನ್ನ ಜೊತೆ ಬಂತು, ವಿಮಾನ ತಲೆ ಎತ್ತಿತು. ಕೈ ಬಿಟ್ಟೆ. ಒಂದು ವಿಮಾನವನ್ನು ಇಬ್ಬರು ಅರ್ಧರ್ಧ ಹಾರಿಸಲು ಆಗುವುದಿಲ್ಲ.

“ಇಲ್ಲ,” ಎಂದೆ. “ನೀನೇ ಇಳಿಸ್ಬೇಕು. ಕೈ, ಕಾಲು ಎರಡೂ ನಿಂದೇ. ನಾನು ಮಾತಾಡ್ತೇನೆ.”

ಅವಳು ಬಹಳ ಮೆಲ್ಲಗೆ, “ನನಗ ಆಗಂಗಿಲ್ರಿ ಮ್ಯಾಡಂ,” ಎಂದಳು. “ನಿಮಗ ಗೊತ್ತದ. ಒಂದು ಸಲಾನೂ ಆಗಿಲ್ಲ.”

ಆಗುತ್ತದೆ ಎಂದು ಹೇಳುವುದು ಸುಲಭವಿತ್ತು. ನನಗೇ ನಂಬಿಕೆ ಇರಲಿಲ್ಲ. ನಾಶಿಕದಲ್ಲಿ ನನ್ನ ಆರು ವರ್ಷದ ಮಗ ಆಟ ಮುಗಿಸಿ ಬಂದು ಅಜ್ಜನ ಹೋಟೆಲಿನ ಗಲ್ಲಾದ ಮೇಲೆ ಕಾಲು ಇಳಿಬಿಟ್ಟು ಕೂತಿರುವ ಹೊತ್ತು ಅದು. ಆ ಚಿತ್ರವನ್ನು ದೂರ ತಳ್ಳಿದೆ. ಕೆಳಗೆ ನೋಡಿದೆ. ಅಣೆಕಟ್ಟಿನಿಂದ ಹೊರಟ ಕಾಲುವೆಯ ಒಂದು ತುಂಡು ಪೂರ್ವ ಪಶ್ಚಿಮಕ್ಕೆ ಗೆರೆ ಎಳೆದ ಹಾಗೆ ನೇರವಾಗಿತ್ತು.

“ಆ ಕಾಲುವೆ ಕಾಣ್ತದಾ? ಅದೇ ರನ್‌ವೇ ಅಂದ್ಕೋ. ಅದರ ಮೇಲೇ ಹೋಗುವ. ನೆಲ ಮುಟ್ಟುವ ಮಾತಿಲ್ಲ, ಇಲ್ಲೇ ಮೇಲೆ ಅಭ್ಯಾಸ.”

ಮೊದಲ ಸಲ ಎಂದಿನಂತೆ ಇಂಗ್ಲಿಷಿನಲ್ಲಿ ಹೇಳಿದೆ. ಕೈ ಬಲಕ್ಕೆ, ಕಾಲೂ ಬಲಕ್ಕೆ. ಕಾಲುವೆ ನಮ್ಮ ಅಡಿಯಿಂದ ಜಾರಿಹೋಯಿತು. ತಿರುಗಿ ಬಂದೆವು. ಮತ್ತೆ ಹಾಗೆಯೇ. ಅವಳ ಕುತ್ತಿಗೆಯ ನರ ಎದ್ದು ಕಾಣುತ್ತಿತ್ತು. ಆಗ ನೆನಪಾಯಿತು: ಸ್ವಲ್ಪ ಹೊತ್ತಿನ ಮುಂಚೆ ನಾನು ಕನ್ನಡದಲ್ಲಿ ಕೂಗಿಕೊಂಡಾಗ ಅವಳು ಒಂದು ಕ್ಷಣವೂ ತಡೆದಿರಲಿಲ್ಲ. ಇಂಗ್ಲಿಷಿನ ಪ್ರತಿ ಮಾತನ್ನೂ ಅವಳು ಮೊದಲು ಪರೀಕ್ಷೆಯ ಪ್ರಶ್ನೆಯ ಹಾಗೆ ತಲೆಗೆ ತೆಗೆದುಕೊಂಡು, ಸರಿ ಉತ್ತರ ಹುಡುಕಿ, ಆಮೇಲೆ ಕಾಲಿಗೆ ಕಳಿಸುತ್ತಿದ್ದಳು.

“ಮನೇಲಿ ಅಮ್ಮ ಹೇಗೆ ಹೇಳ್ತಾರೆ, ಎಡಗಾಲು?”

“ಎಡಗಾಲು ಅಂತಾಳ್ರಿ. ಹೊಸ್ತಿಲಾ ದಾಟುವಾಗ ಬೈತಾಳ, ಎಡಗಾಲು ಇಡಬ್ಯಾಡ ಅಂತ.”

“ಇವತ್ತು ಎಡಗಾಲೇ ಬೇಕು. ಕೇಳು. ಬಲಗಡೆ ರೆಕ್ಕೆ ಬಗ್ಗಿಸು. ಎಡಗಾಲು ಒತ್ತು. ಒತ್ತು, ಒತ್ತು. ಅಲ್ಲೇ ಇರ್ಲಿ.”

ಕಾಲುವೆ ಗಾಜಿನ ನಡುವಿಗೆ ಬಂದು ನಿಂತಿತು. ವಿಮಾನ ಬಲಕ್ಕೆ ವಾಲಿಕೊಂಡೇ, ಮೂತಿ ಮಾತ್ರ ನೇರವಾಗಿ, ನೀರಿನ ಮೇಲೆ ಗೆರೆ ತಪ್ಪದೆ ಸಾಗಿತು. ಅವಳು ಉಸಿರು ಬಿಟ್ಟದ್ದು ನನ್ನ ಹೆಡ್‌ಫೋನಿನಲ್ಲಿ ಕೇಳಿಸಿತು. ಇನ್ನೊಮ್ಮೆ ಮಾಡಿಸಿದೆ. ಮತ್ತೊಮ್ಮೆ. ನಾಲ್ಕನೆಯದರಲ್ಲಿ ತಪ್ಪಿದಳು, ತಾನೇ ತಿದ್ದಿಕೊಂಡಳು. ತಪ್ಪಿ ತಿದ್ದಿಕೊಂಡದ್ದೇ ನನಗೆ ತುಸು ಧೈರ್ಯ ಕೊಟ್ಟಿತು.

ಸೂರ್ಯ ಮೋಡದ ಅಂಚಿಗೆ ಇಳಿಯುತ್ತಿದ್ದ. ಟವರಿನಿಂದ ಕರೆ ಬಂತು. ಗಾಳಿ ತುಸು ತಗ್ಗಿದೆ, ದಿಕ್ಕು ಹಾಗೇ ಇದೆ, ಆದರೆ ಮಳೆಯ ಪರದೆ ನಗರದ ಕಡೆಗೆ ಸರಿಯುತ್ತಿದೆ. ಬರುವುದಾದರೆ ಈಗ ಬನ್ನಿ ಎಂದರು. ತಗ್ಗಿದ ಮೇಲೂ ಅದು ನಮ್ಮ ಪುಟ್ಟ ವಿಮಾನ ತಾಳುವ ಮಿತಿಯ ಅಂಚಿನಲ್ಲೇ ಇತ್ತು.

“ಇಳಿಸುವವರು ಯಾರು?” ಎಂದು ಇಂಗ್ಲಿಷಿನಲ್ಲಿ ಕೇಳಿದರು.

“ವಿದ್ಯಾರ್ಥಿನಿ,” ಎಂದೆ.

ಹೊರಡಲು ನಿಂತಿದ್ದ ಪ್ರಯಾಣಿಕರ ವಿಮಾನವೊಂದನ್ನು ತಡೆದು ನಿಲ್ಲಿಸಿದ್ದು, ಅಗ್ನಿಶಾಮಕ ಗಾಡಿಯನ್ನು ಸಿದ್ಧವಿರಲು ಹೇಳಿದ್ದು ಕೇಳಿಸಿತು. ಆಮೇಲೆ ಅದೇ ದನಿ ಅವಳಿಗೆ ನೇರವಾಗಿ ಮರಾಠಿಯಲ್ಲಿ, “ಸಾವಕಾಶ ಯೇ ಬಾಳಾ, ಘಾಯಿ ನಾಹೀ,” ಎಂದಿತು. ನಿಧಾನವಾಗಿ ಬಾ ಮಗೂ, ಅವಸರವಿಲ್ಲ. ಅವಸರ ಎಷ್ಟಿದೆ ಎಂದು ಮೂವರಿಗೂ ಗೊತ್ತಿತ್ತು.

ಮತ್ತೆ ಶೇಂದ್ರಾದ ಮೇಲೆ ಬಂದೆವು. ನನ್ನ ಸೀಟನ್ನು ಪೂರ್ತಿ ಹಿಂದಕ್ಕೇ ಬಿಟ್ಟು, ಬೆಲ್ಟು ಬಿಗಿದು, ಎರಡು ಕೈಗಳನ್ನೂ ತೊಡೆಯ ಕೆಳಗೆ ಇಟ್ಟುಕೊಂಡೆ. ಗಾಬರಿಯಲ್ಲಿ ಹಿಡಿಕೆಗೆ ಕೈ ಹಾಕಿಬಿಟ್ಟೇನೆಂಬ ಹೆದರಿಕೆ ನನಗೆ ನನ್ನ ಮೇಲೆಯೇ ಇತ್ತು.

ಹೊಡೆತಗಳು ಶುರುವಾದವು. ವಿಮಾನ ಜಲ್ಲಿ ರಸ್ತೆಯ ಮೇಲಿನ ಗಾಡಿಯಂತೆ ಕುಲುಕುತ್ತಿತ್ತು. ಟವರಿನವರು ಗಾಳಿಯ ವೇಗವನ್ನು ಒಂದೇ ಸಮನೆ ಹೇಳುತ್ತಿದ್ದರು. ಅಂಕಿ ಏರುತ್ತಿತ್ತು, ಇಳಿಯುತ್ತಿತ್ತು. ನಾನು ಹೇಳುತ್ತ ಹೋದೆ. “ಬಲಕ್ಕೆ ಮೂತಿ. ಸಾಕು. ವೇಗ ನೋಡು. ಸ್ವಲ್ಪ ಎಂಜಿನ್ ಕೊಡು. ಹಾಂ. ರನ್‌ವೇ ಬಿಡ್ಬೇಡ, ಕಣ್ಣು ಅಲ್ಲೇ.” ನನ್ನ ದನಿ ನನಗೇ ಬೇರೆ ಯಾರದೋ ಎಂಬಂತೆ ಕೇಳುತ್ತಿತ್ತು, ಅಷ್ಟು ತಣ್ಣಗೆ. ಸೀಟು ಹಿಂದಿದ್ದುದರಿಂದ ಎದುರಿನ ಫಲಕದ ಮೇಲಿಂದ ನನಗೆ ರನ್‌ವೇಯ ದೂರದ ತುದಿ ಮಾತ್ರ ಕಾಣುತ್ತಿತ್ತು. ಹತ್ತಿರದ ನೆಲ ಕಾಣುತ್ತಿದ್ದುದು ಅವಳಿಗೊಬ್ಬಳಿಗೇ.

“ಅಂಚು ದಾಟ್ತೀರಿ...” ಎಂದಳು. ಯಾವ ಭಾಷೆಯ ವ್ಯಾಕರಣವೋ.

“ಈಗ. ಬಲಗಡೆ ರೆಕ್ಕೆ ಬಗ್ಗಿಸು. ಎಡಗಾಲು ಒತ್ತು.”

ಮೂತಿ ತಿರುಗಿತು. ದೂರದ ತುದಿ ನಡುವಿಗೆ ಬಂತು. ನಿಂತಿತು. ಆಗಲೇ ಒಂದು ದೊಡ್ಡ ಬೀಸು. ಬಲರೆಕ್ಕೆ ಮೇಲೆದ್ದಿತು, ವಿಮಾನ ಎಡಕ್ಕೆ ಜಾರತೊಡಗಿತು. ನನ್ನ ಕೈಗಳು ತೊಡೆಯ ಕೆಳಗಿನಿಂದ ಹೊರಬಂದಿದ್ದವು. ಯಾವಾಗ ಬಂದವೋ ತಿಳಿಯದು.

“ಇನ್ನೂ ಬಗ್ಗಿಸು. ಹೆದರ್ಬೇಡ, ಬಗ್ಗಿಸು. ಆಗದಿದ್ರೆ ಮೇಲೆ ಹೋಗು, ನಿನ್ನಿಷ್ಟ.”

ಅವಳು ಹೋಗಲಿಲ್ಲ. ಬಗ್ಗಿಸಿದಳು. ರೆಕ್ಕೆ ಕೆಳಗಿಳಿಯಿತು, ಜಾರುವುದು ನಿಂತಿತು. ಎಂಜಿನ್ನಿನ ಸದ್ದು ಸಣ್ಣಗಾಯಿತು. ನಾನು ಮಾತು ನಿಲ್ಲಿಸಿದೆ; ಇನ್ನು ಹೇಳುವುದು ಏನೂ ಇರಲಿಲ್ಲ. ಬಲಗಡೆಯ ಒಂದು ಚಕ್ರ ನೆಲ ಮುಟ್ಟಿ ಕಿರ್ರ್ ಎಂದಿತು. ಒಂದೇ ಚಕ್ರದ ಮೇಲೆ ಓಡಿದೆವು, ನನಗೆ ಬಹಳ ದೂರ ಎನಿಸಿತು. ಆಮೇಲೆ ಎಡಚಕ್ರ. ಕಡೆಗೆ ಮೂತಿಯ ಚಕ್ರ ಧಪ್ ಎಂದು ಕೂತಿತು.

ಕಲಿಯುವವರು ಇಲ್ಲಿ ಮೈಮರೆಯುತ್ತಾರೆ. ನೆಲ ಮುಟ್ಟಿದ ಕೂಡಲೇ ಕೈ ಸಡಿಲಿಸುತ್ತಾರೆ, ಗಾಳಿ ರೆಕ್ಕೆಯನ್ನು ಎತ್ತಿ ಮಗುಚುತ್ತದೆ. “ಬಿಡ್ಬೇಡ,” ಎನ್ನಲು ಬಾಯಿ ತೆರೆದೆ. ಅವಳು ಬಿಟ್ಟಿರಲಿಲ್ಲ. ಹಿಡಿಕೆ ಪೂರ್ತಿ ಬಲಕ್ಕೆ ತಿರುಗಿತ್ತು, ಅವಳ ಗೆಣ್ಣುಗಳು ಬೆಳ್ಳಗಾಗಿದ್ದವು.

ವಿಮಾನ ನಿಲ್ಲಿಸುವ ಜಾಗಕ್ಕೆ ಬಂದು ಎಂಜಿನ್ ಆರಿಸಿದ ಮೇಲೂ ಅವಳು ಎಡಗಾಲನ್ನು ಪೆಡಲ್ಲಿನಿಂದ ತೆಗೆಯಲಿಲ್ಲ. ತೆಗೆಯಲು ಆಗಲಿಲ್ಲವಂತೆ. ನಾನು ಕೆಳಗಿಳಿದು ಸುತ್ತಿ ಬಂದು ಬಾಗಿಲು ತೆಗೆದು, ಎರಡೂ ಕೈಗಳಲ್ಲಿ ಅವಳ ಪಾದ ಹಿಡಿದು ಎತ್ತಿ ಕೆಳಗಿಟ್ಟೆ. ಅವಳು ನಗುತ್ತಿದ್ದಳು, ಕಣ್ಣಿನಿಂದ ನೀರು ಸುರಿಯುತ್ತಿತ್ತು. ಆಮೇಲೆ ರೆಕ್ಕೆಯ ಆಸರೆಗೆ ಬಗ್ಗಿ ವಾಂತಿ ಮಾಡಿಕೊಂಡಳು. ದಪ್ಪ ದಪ್ಪ ಹನಿ ಬೀಳತೊಡಗಿತು. ಅಗ್ನಿಶಾಮಕ ಗಾಡಿಯವರು ಹತ್ತಿರ ಬಂದು ಒಂದು ನೀರಿನ ಬಾಟಲಿ ಕೊಟ್ಟು, ಏನೂ ಕೇಳದೆ ಹೊರಟುಹೋದರು.

ನಿಲ್ದಾಣದ ಹೊರಗೆ ಅವಳ ಅಪ್ಪ ಅಮ್ಮ ಮಳೆಯಲ್ಲಿ ನೆನೆದುಕೊಂಡು ಕಾಯುತ್ತಿದ್ದರು. ತಂದೆ ಕಾರ್ಖಾನೆಯ ನೀಲಿ ಅಂಗಿಯಲ್ಲೇ ಬಂದಿದ್ದರು. “ಮೊದ್ಲ ಸಲ ಯಾಕ್ರಿ ಮ್ಯಾಲ ಹೋತು? ನಾವು ಅದು ನಿಮ್ದಲ್ಲ ಅಂತ ತಿಳ್ಕೊಂಡ್ವಿ,” ಎಂದರು ನಗುತ್ತ. ಹುಡುಗಿ ನನ್ನ ಕಡೆ ನೋಡಿದಳು. ಹೇಳುವುದು ಬಿಡುವುದು ಅವಳಿಗೇ ಸೇರಿದ್ದು. “ಗಾಳಿ ಇತ್ತು, ಪಪ್ಪಾ,” ಎಂದಳು ಅಷ್ಟೇ.

ಸೀಟು ಸರಿಯಾಗುವವರೆಗೆ ವಿಮಾನ ಹಾರುವಂತಿರಲಿಲ್ಲ. ನಮ್ಮ ಶಾಲೆಯ ಎಂಜಿನಿಯರ್ ಮರುದಿನ ಬೆಳಿಗ್ಗೆ ರಸ್ತೆಯಲ್ಲಿ ಬರುವುದೆಂದಾಯಿತು. ಹೋಟೆಲಿಗೆ ಹೋಗುತ್ತೇನೆಂದರೂ ಬಿಡದೆ ಅವರು ನನ್ನನ್ನು ಮನೆಗೆ ಕರೆದುಕೊಂಡು ಹೋದರು. ತಾಯಿ ಬಿಸಿ ಜೋಳದ ರೊಟ್ಟಿ ಬಡಿದು ಹಾಕಿದರು, ಪುಂಡಿಪಲ್ಯ ಬಡಿಸಿದರು. ಎರಡನೆಯ ರೊಟ್ಟಿ ಮುರಿಯುವಾಗ ಹುಡುಗಿ ತಾನಾಗಿಯೇ ಶುರು ಮಾಡಿದಳು. ಮರಾಠಿಯಲ್ಲಿ ಶುರು ಮಾಡಿ, ಅಮ್ಮನ ಮುಖ ನೋಡಿ, ಕನ್ನಡಕ್ಕೆ ಹೊರಳಿಕೊಂಡಳು. ಸೀಟು ಜಾರಿದ್ದು, ನೀರಿನ ಮೇಲೆ ಸುತ್ತಿದ್ದು, ಎಲ್ಲವನ್ನೂ ಹೇಳಿದಳು.

ತಾಯಿ ಲಟ್ಟಣಿಗೆಯಂತೆ ಸೆಟೆದು ಕೂತರು. ಸಿಟ್ಟು ಬಂದದ್ದು ನನ್ನ ಮೇಲೆ. “ಕಲಿಸೋರು ನೀವು. ಹತ್ತೂಕಿಂತ ಮೊದ್ಲ ಸೀಟು ನೋಡಂಗಿಲ್ಲೇನ್ರಿ?”

“ನೋಡಿದ್ದೆ. ಅಲ್ಲಾಡಿಸಿ ನೋಡಿದ್ದೆ, ಗಟ್ಟಿಯಾಗಿ ಕೂತಿತ್ತು. ಒಳಗೆ ಸವೆದದ್ದು ಕಾಣಲಿಲ್ಲ.”

“ಕಾಣಲಿಲ್ಲ ಅಂದ್ರ? ನಮ್ಮ ಪೋರಿ ಬಿದ್ದಿದ್ರ ಹೀಂಗ ಅಂತಿದ್ರೇನು ಬಂದು?”

ತಟ್ಟೆ ನೋಡುತ್ತ ಕೂತೆ. ತಂದೆ ಹೆಂಡತಿಯನ್ನು ತಡೆಯಲೂ ಇಲ್ಲ, ನನ್ನನ್ನು ಬೈಯಲೂ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ಕೇಳಿದರು: “ಖರೇ ಹೇಳ್ರಿ ಮೇಡಂ. ನಾಳಿ ಅಕಿನ್ನ ಕಳಸ್ಲೋ ಬ್ಯಾಡೋ? ನಿಮ್ಮ ಮಗಳಿದ್ರ ಕಳಸ್ತಿದ್ರೇನು?”

“ಹೆದರಿಕೆ ಆಗ್ತದೆ. ಆದ್ರೂ ಕಳಿಸ್ತಿದ್ದೆ. ಅವಳ ಪಕ್ಕದಲ್ಲಿ ನಾನೇ ಕೂರ್ತಿದ್ದೆ,” ಎಂದೆ.

“ನನ್ನ ಕೇಳ್ರಿ,” ಎಂದಳು ಹುಡುಗಿ. ಅಲ್ಲಿಯವರೆಗೆ ಯಾರೂ ಅವಳನ್ನು ಕೇಳಿರಲಿಲ್ಲ. “ಮಮ್ಮಿ, ಮ್ಯಾಡಂ ಹಿಡಿದಿಲ್ಲ. ನಾ ಇಳಿಸೀನಿ. ಪೂರಾ ನಾ ಇಳಿಸೀನಿ.” ಹೇಳುತ್ತ ಹೇಳುತ್ತ ಅದು ಅವಳಿಗೇ ಆಗ ಅರ್ಥವಾದಂತೆ ಕಂಡಿತು. ತಾಯಿ ಎದ್ದು ಒಲೆಯ ಕಡೆ ಹೋದರು. ಬೆನ್ನು ಮಾಡಿ ನಿಂತು ಇನ್ನೊಂದು ರೊಟ್ಟಿ ಬಡಿದರು, ಬೇಕಾದದ್ದಕ್ಕಿಂತ ಜೋರಾಗಿ. ತಂದು ಮಗಳ ತಟ್ಟೆಗೆ ಹಾಕಿದರು. ಆಮೇಲೆ ನನ್ನ ತಟ್ಟೆಗೂ ಒಂದು ಹಾಕಿದರು. ಕಳಿಸುತ್ತೇವೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಎಂಜಿನಿಯರ್ ಬಂದು ಎರಡೂ ಸೀಟುಗಳ ಹಳಿ, ಕೊಕ್ಕೆ ಬದಲಿಸುವ ಹೊತ್ತಿಗೆ ಮಧ್ಯಾಹ್ನವಾಯಿತು. ಮಳೆ ಬಿದ್ದು ಆಕಾಶ ತೊಳೆದಿಟ್ಟಂತಿತ್ತು. ನಾಶಿಕದ ದಾರಿಯುದ್ದಕ್ಕೂ ಅವಳೇ ಹಾರಿಸಿದಳು. ವೈಜಾಪುರ ದಾಟಿದ ಮೇಲೆ ಇದ್ದಕ್ಕಿದ್ದ ಹಾಗೆ ನನ್ನ ಕಡೆ ತಿರುಗಿ, “ಮ್ಯಾಡಂ, ಕಾಲು ತೆಗೀರಿ. ನಾ ಹಾರಸಾಕತ್ತೀನಿ,” ಎಂದಳು.

ಕೆಳಗೆ ನೋಡಿಕೊಂಡೆ. ನನ್ನ ಎರಡೂ ಪಾದ ಪೆಡಲ್ಲುಗಳ ಮೇಲೆ ಬಿಗಿದು ಕೂತಿದ್ದವು. ಹೊರಟಾಗಿನಿಂದಲೂ ಒತ್ತಿಕೊಂಡೇ ಬಂದಿದ್ದೆ. ಅವಳು ಅಷ್ಟೂ ಹೊತ್ತು ನನ್ನ ಒತ್ತಡದ ವಿರುದ್ಧವೇ ಹಾರಿಸಿದ್ದಳು. ಕಾಲು ತೆಗೆದು ನೆಲದ ಮೇಲೆ ಇಟ್ಟೆ. ನಾಶಿಕದ ಗಾಳಿ ಸೌಮ್ಯವಾಗಿತ್ತು, ರನ್‌ವೇಗೆ ನೇರವಾಗಿತ್ತು. ಅಂಥ ಗಾಳಿಯಲ್ಲಿ ಅವಳು ವಿಮಾನವನ್ನು ಎರಡು ಸಲ ಪುಟಿಸಿ ಇಳಿಸಿದಳು. ನಾನು ತುಟಿ ಕಚ್ಚಿಕೊಂಡು, ಕಾಲು ನೆಲದ ಮೇಲೇ ಇಟ್ಟುಕೊಂಡು ಕೂತಿದ್ದೆ.